ಇದು ಹೆರಿಗೆ ನೋವೇನಾ? ಗುರುತು ಹಿಡಿಯೋದು ಹೇಗೆ, ಆಸ್ಪತ್ರೆಗೆ ಹೊರಡೋದು ಯಾವಾಗ

ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಸೊಂಟ ಹಿಡಿದುಕೊಂಡ ಹಾಗಿದೆ, ಕಿಬ್ಬೊಟ್ಟೆ ಬಿಗಿಯಾಗಿದೆ. ಮಗ್ಗುಲು ಬದಲಾಯಿಸಿ ಕಣ್ಣು ಮುಚ್ಚುತ್ತೀರಿ. ಹತ್ತು ನಿಮಿಷಕ್ಕೆ ಮತ್ತೆ ಅದೇ. ಪಕ್ಕದಲ್ಲಿ ಮಲಗಿರುವವರನ್ನು ಎಬ್ಬಿಸಬೇಕಾ, ಬೇಡವಾ? ಡಾಕ್ಟರಿಗೆ ಫೋನ್ ಮಾಡಬೇಕಾ, ಇಲ್ಲ ಬೆಳಗಾಗಲಿ ಅಂತ ಕಾಯಬೇಕಾ?

ನಾನು ಈ ಪ್ರಶ್ನೆಯನ್ನು ಎರಡು ಬಸುರಿನಲ್ಲೂ ಎದುರಿಸಿದ್ದೇನೆ. ಮೊದಲ ಸಲ ಸುಳ್ಳು ನೋವಿಗೆ ಹೆದರಿ ಎರಡು ರಾತ್ರಿ ಆಸ್ಪತ್ರೆಗೆ ಓಡಿದೆ. ಎರಡೂ ಸಲ ಪರೀಕ್ಷೆ ಮಾಡಿ ಮನೆಗೆ ಕಳಿಸಿದರು. ಎರಡನೇ ಬಸುರಿನಲ್ಲಿ, ‘ಇದೂ ಹಾಗೇ ಇರಬೇಕು’ ಅಂತ ಸುಮ್ನೆ ಕಾದೆ. ಆಸ್ಪತ್ರೆ ಮುಟ್ಟಿದ ಮುಕ್ಕಾಲು ಗಂಟೆಗೆ ಮಗು ಕೈಗೆ ಬಂತು. ದಾರಿಯಲ್ಲಿ ನಾನು ಪಟ್ಟ ಭಯ ಇನ್ನೊಬ್ಬರಿಗೆ ಬರಬಾರದು.

ಅವತ್ತು ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸುವ ಮಾತು ಒಂದೇ. ನೋವು ಎಷ್ಟು ಜೋರಾಗಿದೆ ಅಂತ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಅದು ಬೆಳೆಯುತ್ತಿದೆಯಾ ಅಂತ ನೋಡಬೇಕು. ಒಂದು ಗಂಟೆಯ ಹಿಂದೆ ಹೇಗಿತ್ತು, ಈಗ ಹೇಗಿದೆ? ಹತ್ತಿರ ಹತ್ತಿರ ಬರುತ್ತಿದೆಯಾ, ಜಾಸ್ತಿ ಹೊತ್ತು ಇರುತ್ತಿದೆಯಾ, ಬಿಗಿ ಹೆಚ್ಚುತ್ತಿದೆಯಾ? ಮುಂದೆ ಹೇಳುವುದೆಲ್ಲ ಇದನ್ನು ಕಂಡುಕೊಳ್ಳುವ ದಾರಿಗಳೇ.

ನೋವು ಬರುವ ಮುಂಚೆಯೇ ಕೇಳಿಟ್ಟುಕೊಳ್ಳಿ

ಮೊದಲು ನಿಮ್ಮ ವಾರದ ಲೆಕ್ಕ ಸರಿಯಾಗಿ ಗೊತ್ತಿರಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಎಣಿಸಿ ಡಾಕ್ಟರ್ ಒಂದು ತಾರೀಖು ಬರೆದುಕೊಟ್ಟಿರುತ್ತಾರೆ. ಸರಿಯಾಗಿ ಆ ತಾರೀಖಿಗೇ ಹುಟ್ಟುವ ಮಕ್ಕಳು ನೂರಕ್ಕೆ ಐದರ ಆಸುಪಾಸು ಮಾತ್ರ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ನೋವು ಬರಬಹುದು. ಹಾಗಾಗಿ 36ನೇ ವಾರಕ್ಕೇ ಬ್ಯಾಗು, ರಿಪೋರ್ಟಿನ ಫೈಲು ಒಂದು ಕಡೆ ಇಟ್ಟುಬಿಡಿ. ಕೊಟ್ಟ ತಾರೀಖು ದಾಟಿತು ಅಂತ ಗಾಬರಿ ಬೇಡ. ಆದರೆ ತಪಾಸಣೆ ತಪ್ಪಿಸಬೇಡಿ. 41 ವಾರವಾದರೂ ನೋವು ಬರದಿದ್ದರೆ ಔಷಧಿ ಕೊಟ್ಟು ನೋವು ಬರಿಸುವ ಬಗ್ಗೆ ಡಾಕ್ಟರ್ ನಿಮ್ಮ ಜೊತೆ ಮಾತಾಡುತ್ತಾರೆ.

37 ವಾರ ತುಂಬುವ ಮುಂಚೆ ನೋವು ಬಂದರೆ ಲೆಕ್ಕವೇ ಬೇರೆ. ಆಗ ಗಡಿಯಾರ ನೋಡುತ್ತಾ ಕೂರಬಾರದು. ಹೊಟ್ಟೆ ಮತ್ತೆ ಮತ್ತೆ ಬಿಗಿಯಾಗುವುದು, ಮುಟ್ಟಿನ ನೋವಿನಂಥ ಕಿಬ್ಬೊಟ್ಟೆ ನೋವು, ಬಿಡದ ಸೊಂಟ ನೋವು, ಕೆಳಗೆ ಒತ್ತಿದ ಹಾಗೆ ಭಾರ, ಮಗುವಿನ ಸುತ್ತ ಇರುವ ಗರ್ಭದ ನೀರು ಅಥವಾ ರಕ್ತ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. ತೀರಾ ಬೇಗ ಹುಟ್ಟುವ ಮಗುವಿನ ಶ್ವಾಸಕೋಶ ಗಟ್ಟಿಯಾಗಲು ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಕೆಲಸ ಮಾಡಲು ಸಮಯ ಬೇಕು. ನೀವು ಬೇಗ ಹೋದಷ್ಟೂ ಆ ಸಮಯ ಮಗುವಿಗೆ ಸಿಗುತ್ತದೆ.

ಎರಡನೆಯದು, ನಿಮ್ಮ ಬಸುರಿಗೆ ಬೇರೆ ಸೂಚನೆ ಏನಾದರೂ ಇದೆಯಾ ಅಂತ 36ನೇ ವಾರದ ತಪಾಸಣೆಯಲ್ಲೇ ಬಾಯಿಬಿಟ್ಟು ಕೇಳಿ. ಹಿಂದೆ ಸಿಸೇರಿಯನ್ ಆಗಿದೆ, ಮಾಸು (ಪ್ಲಾಸೆಂಟಾ) ಕೆಳಗಿದೆ, ಅವಳಿ ಮಕ್ಕಳಿವೆ, ಮಗು ಕಾಲು ಕೆಳಗೆ ಮಾಡಿಕೊಂಡಿದೆ ಅಥವಾ ಅಡ್ಡ ಮಲಗಿದೆ, ಬಿಪಿ ಅಥವಾ ಸಕ್ಕರೆ ಜಾಸ್ತಿ ಇದೆ. ಇಂಥವರು ನೋವು ಬಲಿಯುವವರೆಗೂ ಮನೆಯಲ್ಲಿ ಕಾಯುವ ಹಾಗಿಲ್ಲ. ಮೊದಲ ಸೂಚನೆಗೇ ಹೊರಡಬೇಕು. ‘ನನಗೆ ನೋವು ಶುರುವಾದರೆ ಎಷ್ಟು ಹೊತ್ತು ಮನೆಯಲ್ಲಿ ಇರಬಹುದು?’ ಅಂತ ನೇರವಾಗಿ ಕೇಳಿ, ಉತ್ತರವನ್ನು ಫೈಲಿನ ಮೇಲೇ ಬರೆದುಕೊಳ್ಳಿ. ನೋವಿನ ಹೊತ್ತಿನಲ್ಲಿ ಡಾಕ್ಟರ್ ಹೇಳಿದ ಯಾವ ಮಾತೂ ನೆನಪಿಗೆ ಬರುವುದಿಲ್ಲ.

ದಿನಗಳ ಮುಂಚೆ ಕಾಣುವ ಗುರುತುಗಳು

ಹೆರಿಗೆ ಅನ್ನೋದು ಗಂಟೆ ಬಾರಿಸಿ ಶುರುವಾಗುವುದಿಲ್ಲ. ದೇಹ ವಾರಗಳ ಮುಂಚಿನಿಂದಲೇ ತಯಾರಿ ನಡೆಸಿರುತ್ತದೆ.

ಎಲ್ಲರೂ ಮೊದಲು ಗುರುತಿಸುವುದು ಹೊಟ್ಟೆ ಇಳಿಯುವುದನ್ನು. ಮಗುವಿನ ತಲೆ ಸೊಂಟದ ಮೂಳೆಯೊಳಗೆ ಕೂರುತ್ತದೆ. ಉಸಿರಾಟ ಸ್ವಲ್ಪ ಹಗುರಾಗುತ್ತದೆ, ಎದೆ ಉರಿ ಕಡಿಮೆಯಾಗುತ್ತದೆ. ಬದಲಿಗೆ ಮೂತ್ರಕ್ಕೆ ಹೋಗುವುದು ಇನ್ನೂ ಜಾಸ್ತಿಯಾಗುತ್ತದೆ, ನಡೆಯುವಾಗ ತೊಡೆಯ ಸಂದಿಯಲ್ಲಿ ಚುಳುಕ್ ಅನ್ನುತ್ತದೆ. ಚೊಚ್ಚಲ ಬಸುರಿನಲ್ಲಿ ಇದು ಹೆರಿಗೆಗೆ ಎರಡರಿಂದ ನಾಲ್ಕು ವಾರ ಮುಂಚೆಯೇ ಆಗಬಹುದು. ಎರಡನೇ ಮಗುವಾದರೆ ಎಷ್ಟೋ ಸಲ ನೋವು ಶುರುವಾದ ಮೇಲೆಯೇ ತಲೆ ಇಳಿಯುತ್ತದೆ. ಹಾಗಾಗಿ ಹೊಟ್ಟೆ ಇಳಿದಿದೆ ಅಂದರೆ ನಾಳೆಯೇ ಹೆರಿಗೆ ಅಂತ ಅಲ್ಲ. ಇಳಿದಿಲ್ಲ ಅಂದರೆ ಇನ್ನೂ ದೂರ ಇದೆ ಅಂತಲೂ ಅಲ್ಲ.

ಎರಡನೇ ಗುರುತು ಲೋಳೆ. ಗರ್ಭಕೋಶದ ಬಾಯಿಯನ್ನು ಒಂಬತ್ತು ತಿಂಗಳೂ ಗಟ್ಟಿ ಲೋಳೆಯೊಂದು ಮುಚ್ಚಿಕೊಂಡಿರುತ್ತದೆ. ಬಾಯಿ ಮೆತ್ತಗಾಗಿ ಸ್ವಲ್ಪ ಬಿಡತೊಡಗಿದಾಗ ಅದು ಕಳಚಿ ಹೊರಗೆ ಬರುತ್ತದೆ. ಒಳಉಡುಪಿನಲ್ಲಿ ಅಂಟಂಟಾಗಿ ಕಾಣಬಹುದು. ಬೆಳ್ಳಗೆ, ತಿಳಿ ಗುಲಾಬಿಯಾಗಿ, ಕಂದು ಗೆರೆ ಎಳೆದ ಹಾಗೆ ಇರಬಹುದು. ಕೆಲವರಿಗೆ ಒಂದೇ ಸಲ ಉಂಡೆಯಾಗಿ ಬರುತ್ತದೆ, ಇನ್ನು ಕೆಲವರಿಗೆ ಎರಡು ಮೂರು ದಿನ ಚೂರು ಚೂರಾಗಿ ಹೋಗುತ್ತದೆ. ಇದನ್ನು ಕಂಡು ನಾನು ರಕ್ತ ಹೋಗುತ್ತಿದೆ ಅಂತ ಅತ್ತುಬಿಟ್ಟಿದ್ದೆ. ಲೋಳೆಯ ಜೊತೆ ಬೆರೆತ ಎರಡು ಗೆರೆ ರಕ್ತಕ್ಕೆ ಹೆದರಬೇಕಿಲ್ಲ. ಆದರೆ ಮುಟ್ಟಿನ ಹಾಗೆ ಕೆಂಪು ರಕ್ತ ಹರಿದರೆ ಅದು ಲೋಳೆ ಅಲ್ಲ, ಆಗ ತಡ ಮಾಡಬಾರದು. ಲೋಳೆ ಹೋದ ಮೇಲೆ ಕೆಲವೇ ಗಂಟೆಗೆ ನೋವು ಬರಬಹುದು, ಒಂದು ವಾರ ಕಾಯಿಸಲೂಬಹುದು. ಒಳಪರೀಕ್ಷೆ ಮಾಡಿಸಿಕೊಂಡ ದಿನ ಸ್ವಲ್ಪ ಕಂದು ಕಲೆ ಕಂಡರೆ ಅದು ಆ ಪರೀಕ್ಷೆಯಿಂದಲೇ ಆಗಿರಬಹುದು.

ಭೇದಿ, ವಾಕರಿಕೆ, ಬಿಡದ ಸೊಂಟ ನೋವು, ನಿದ್ದೆ ಬಾರದ ಚಡಪಡಿಕೆ, ಇವೂ ಕೆಲವರಿಗೆ ಆಗುತ್ತವೆ. ಇವನ್ನು ಮಾತ್ರ ನಂಬಿ ಏನೂ ತೀರ್ಮಾನ ಮಾಡಬೇಡಿ.

ಸುಳ್ಳು ನೋವು, ನಿಜವಾದ ನೋವು

ಎಲ್ಲರೂ ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

ಬಸುರಿನ ಕೊನೆಯ ತಿಂಗಳುಗಳಲ್ಲಿ ಗರ್ಭಕೋಶ ಆಗಾಗ ಬಿಗಿಯಾಗಿ ಸಡಿಲವಾಗುತ್ತದೆ. ಇದನ್ನೇ ಸುಳ್ಳು ನೋವು ಅನ್ನುತ್ತಾರೆ. ಡಾಕ್ಟರುಗಳು ಬ್ರಾಕ್ಸ್‌ಟನ್ ಹಿಕ್ಸ್ ಅಂತ ಕರೆಯುತ್ತಾರೆ. 1872ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ಡಾಕ್ಟರ್ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅವರ ಹೆಸರು ಅದು. ‘ಸುಳ್ಳು’ ಅನ್ನುವ ಪದ ನನಗೆ ಅಷ್ಟು ಇಷ್ಟವಿಲ್ಲ. ನೋವು ಅನುಭವಿಸುವವಳಿಗೆ ಅದು ಸುಳ್ಳಲ್ಲ. ಆದರೆ ಅದು ಗರ್ಭಕೋಶದ ಬಾಯನ್ನು ತೆರೆಯುವುದಿಲ್ಲ, ವ್ಯತ್ಯಾಸ ಇರುವುದು ಅಲ್ಲಿ. ನಿಜವಾದ ಹೆರಿಗೆ ನೋವು ಬಾಯನ್ನು ಮೆತ್ತಗೆ ಮಾಡಿ, ತೆಳ್ಳಗೆ ಮಾಡಿ, 10 ಸೆಂಟಿಮೀಟರ್ ತನಕ ತೆರೆಯುತ್ತದೆ.

ಬಾಯಿ ತೆರೆದಿದೆಯಾ ಅಂತ ಮನೆಯಲ್ಲಿ ನೋಡಲು ಆಗುವುದಿಲ್ಲ, ನೋಡಲೂಬಾರದು. ಆದರೆ ನೋವಿನ ನಡವಳಿಕೆ ನೋಡಬಹುದು. ಹೀಗೆ ಮಾಡಿ.

ಮೊದಲು ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ಮೇಲೆ, ಅಂಗೈ ಇಡಿ. ಒತ್ತಬೇಡಿ, ಸುಮ್ನೆ ಇಡಿ. ನೋವು ಬಂದಾಗ ಹೊಟ್ಟೆ ಗಟ್ಟಿಯಾಗುವುದು ಕೈಗೆ ಗೊತ್ತಾಗುತ್ತದೆ. ನರ್ಸುಗಳು ಇದನ್ನು ಅಳೆಯಲು ಒಂದು ಸುಲಭದ ದಾರಿ ಹೇಳಿಕೊಡುತ್ತಾರೆ. ನಿಮ್ಮ ಮೂಗಿನ ತುದಿ ಮುಟ್ಟಿ ನೋಡಿ, ಆಮೇಲೆ ಗದ್ದ, ಆಮೇಲೆ ಹಣೆ. ಹೊಟ್ಟೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಬಿಗಿ ಕಡಿಮೆ. ಗದ್ದದಷ್ಟಿದ್ದರೆ ಮಧ್ಯಮ. ಹಣೆಯಷ್ಟು ಗಟ್ಟಿಯಾಗಿ ಬೆರಳು ಒಳಗೆ ಹೋಗದಿದ್ದರೆ ಜೋರು. ಜೊತೆಯಲ್ಲಿ ಇರುವವರೂ ಕೈ ಇಟ್ಟು ಇದನ್ನು ನೋಡಬಹುದು. ಬಿಗಿ ಬಿಟ್ಟ ಮೇಲೆ ಹೊಟ್ಟೆ ಪೂರ್ತಿ ಮೆತ್ತಗಾಗಬೇಕು, ಇದನ್ನು ಮರೆಯದೆ ಗಮನಿಸಿ. ಬಿಗಿ ಬಿಡದೆ ಕಲ್ಲಿನ ಹಾಗೇ ಉಳಿದರೆ ಅದು ಅಪಾಯದ ಗುರುತು.

ಆಮೇಲೆ ಇದ್ದ ಸ್ಥಿತಿ ಬದಲಾಯಿಸಿ. ಮಲಗಿದ್ದರೆ ಎದ್ದು ಓಡಾಡಿ. ಓಡಾಡುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿ. ಮೂತ್ರಕ್ಕೆ ಹೋಗಿ ಬನ್ನಿ. ಎರಡು ಲೋಟ ನೀರು ಕುಡಿಯಿರಿ. ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಮೈಯಲ್ಲಿ ನೀರು ಕಡಿಮೆಯಾದರೂ ಮೂತ್ರಕೋಶ ತುಂಬಿದ್ದರೂ ಹೊಟ್ಟೆ ಬಿಗಿಯಾಗುವುದು ಉಂಟು. ಸುಳ್ಳು ನೋವು ಇಷ್ಟಕ್ಕೆ ಸಾಮಾನ್ಯವಾಗಿ ತಗ್ಗುತ್ತದೆ ಅಥವಾ ನಿಂತೇ ಹೋಗುತ್ತದೆ. ನಿಜವಾದ ನೋವು ನೀವು ಏನೇ ಮಾಡಿದರೂ ತನ್ನ ಪಾಡಿಗೆ ಬರುತ್ತಲೇ ಇರುತ್ತದೆ. ಓಡಾಡಿದರೆ ಇನ್ನೂ ಜೋರಾಗುತ್ತದೆ.

ಎಲ್ಲಿ ನೋಯುತ್ತದೆ ಅನ್ನುವುದರಿಂದಲೂ ಸ್ವಲ್ಪ ಸುಳಿವು ಸಿಗುತ್ತದೆ. ಸುಳ್ಳು ನೋವು ಬಹುತೇಕ ಹೊಟ್ಟೆಯ ಮುಂದೆಯೇ ಇರುತ್ತದೆ. ಹೆರಿಗೆ ನೋವು ಹಲವರಿಗೆ ಸೊಂಟದ ಹಿಂದೆ ಶುರುವಾಗಿ, ಪಟ್ಟಿ ಬಿಗಿದ ಹಾಗೆ ಮುಂದಕ್ಕೆ ಬಂದು, ಕೆಳಕ್ಕೆ ಇಳಿಯುತ್ತದೆ. ತೊಡೆಗೂ ಎಳೆಯಬಹುದು. ಮಗು ಬೆನ್ನನ್ನು ತಾಯಿಯ ಬೆನ್ನಿನ ಕಡೆಗೆ ಮಾಡಿಕೊಂಡಿದ್ದರೆ ನೋವೆಲ್ಲ ಸೊಂಟದಲ್ಲೇ ಇರುತ್ತದೆ, ಹೊಟ್ಟೆಯಲ್ಲಿ ಅಷ್ಟಾಗಿ ಗೊತ್ತಾಗುವುದೇ ಇಲ್ಲ. ಸೊಂಟ ನೋವು ಬಂದು ಬಂದು ಹೋಗುತ್ತಿದ್ದರೆ ಅದರ ಸಮಯವನ್ನೂ ಬರೆದುಕೊಳ್ಳಿ.

ಸಮಯ ಬರೆಯುವುದು ಹೇಗೆ

ಒಂದು ಹಾಳೆ, ಒಂದು ಪೆನ್ನು, ಸೆಕೆಂಡ್ ತೋರಿಸುವ ಗಡಿಯಾರ ಇದ್ದರೆ ಸಾಕು. ಮೊಬೈಲ್ ಆ್ಯಪ್‌ಗಳೂ ಇವೆ. ನನಗೆ ಹಾಳೆಯೇ ಹಿತ. ಮೇಲಿನಿಂದ ಕೆಳಕ್ಕೆ ಒಂದೇ ನೋಟಕ್ಕೆ ಎಲ್ಲ ಕಾಣುತ್ತದೆ. ಬರೆಯುವ ಕೆಲಸ ಜೊತೆಯಲ್ಲಿ ಇರುವವರದು. ನೋವು ಬಂದಾಗ ನೀವು ‘ಬಂತು’ ಅನ್ನಿ, ಬಿಟ್ಟಾಗ ‘ಹೋಯ್ತು’ ಅನ್ನಿ.

ಎರಡು ಲೆಕ್ಕ ಬೇಕು. ಒಂದು ನೋವು ಎಷ್ಟು ಸೆಕೆಂಡ್ ಇತ್ತು ಅನ್ನೋದು. ಇನ್ನೊಂದು ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ ಅನ್ನೋದು. ಈ ಎರಡನೆಯದರಲ್ಲಿ ಬಹಳ ಜನ ತಪ್ಪುತ್ತಾರೆ. ಒಂದು ನೋವು ಮುಗಿದಲ್ಲಿಂದ ಇನ್ನೊಂದು ಶುರುವಾಗುವ ತನಕ ಎಣಿಸಿಬಿಡುತ್ತಾರೆ. ಹಾಗಲ್ಲ. ಒಂದು ನೋವಿನ ಶುರುವಿನಿಂದ ಮುಂದಿನ ನೋವಿನ ಶುರುವಿನ ತನಕ ಎಣಿಸಬೇಕು.

ನನ್ನ ಮೊದಲ ಬಸುರಿನಲ್ಲಿ ವಾಪಸ್ ಬಂದ ಒಂದು ರಾತ್ರಿಯ ಲೆಕ್ಕ ಹೀಗಿತ್ತು: 10:05, 10:12, 10:30, 10:36, 11:02. ಅಂದರೆ ನಡುವೆ 7 ನಿಮಿಷ, 18, 6, 26. ಒಂದು ನೋವು 20 ಸೆಕೆಂಡ್, ಇನ್ನೊಂದು 50, ಮತ್ತೊಂದು 25. ಲೆಕ್ಕಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ‘ಆರು ನಿಮಿಷಕ್ಕೊಮ್ಮೆ ಬರ್ತಿದೆ’ ಅಂತ ಎರಡು ನೋವು ಹಿಡಿದುಕೊಂಡು ಓಡಿದ್ದೆವು.

ಹೆರಿಗೆಯಾದ ರಾತ್ರಿಯ ಹಾಳೆ ಬೇರೆಯೇ ಇತ್ತು: 2:10, 2:22, 2:32, 2:43, 2:52, 3:00, 3:08, 3:14. ನಡುವೆ 12 ನಿಮಿಷ, 10, 11, 9, 8, 8, 6. ಶುರುವಿನಲ್ಲಿ 30 ಸೆಕೆಂಡ್ ಇದ್ದ ನೋವು ಕೊನೆಗೆ 50 ಸೆಕೆಂಡಿಗೆ ಬಂದಿತ್ತು. ನೋಡಿ, ನಿಜವಾದ ನೋವೂ ಗಡಿಯಾರದ ಮುಳ್ಳಿನ ಹಾಗೆ ಬರಲಿಲ್ಲ. ಹತ್ತಾದ ಮೇಲೆ ಹನ್ನೊಂದಾಯಿತು. ಆದರೆ ಒಟ್ಟು ಹಾಳೆ ನೋಡಿದರೆ ಒಂದೇ ಕಡೆಗೆ ಸಾಗುತ್ತಿರುವುದು ಕಾಣುತ್ತದೆ. ನೀವು ಹುಡುಕಬೇಕಾದ್ದು ಅದನ್ನೇ.

ಇಡೀ ರಾತ್ರಿ ಬರೆಯುತ್ತಾ ಕೂರಬೇಕಿಲ್ಲ. ಒಂದು ಗಂಟೆ ಬರೆಯಿರಿ, ಬಿಟ್ಟುಬಿಡಿ, ನೋವು ಬದಲಾಯಿತು ಅನ್ನಿಸಿದಾಗ ಮತ್ತೆ ಬರೆಯಿರಿ. ನಡುವೆ ನಿದ್ದೆ ಬಂದರೆ ದಯವಿಟ್ಟು ಮಲಗಿ.

ಹೊರಡುವುದು ಯಾವಾಗ

ಚೊಚ್ಚಲ ಹೆರಿಗೆ, 37 ವಾರ ತುಂಬಿದೆ, ಬೇರೆ ತೊಂದರೆ ಏನೂ ಇಲ್ಲ ಅಂದರೆ ಹಲವು ಕಡೆ ಹೇಳಿಕೊಡುವ ಲೆಕ್ಕ 5, 1, 1. ಐದು ನಿಮಿಷಕ್ಕೊಮ್ಮೆ ನೋವು, ಒಂದೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆಯಿಂದ ಬರುತ್ತಿರಬೇಕು. ಇದರ ಜೊತೆ ಇನ್ನೊಂದನ್ನು ನೋಡಿ. ನೋವು ಬಂದಾಗ ಮಾತಾಡಲು ಆಗುತ್ತಿದೆಯಾ? ಶುರುವಿನ ನೋವಿನಲ್ಲಿ ಹೇಳುತ್ತಿದ್ದ ಮಾತನ್ನು ಮುಗಿಸಬಹುದು. ನೋವು ಬಲಿತ ಮೇಲೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಗೋಡೆ ಹಿಡಿದು, ಕಣ್ಣು ಮುಚ್ಚಿ, ಉಸಿರಿನ ಮೇಲೇ ಗಮನ ಇಡಬೇಕಾಗುತ್ತದೆ. ಜೊತೆಯಲ್ಲಿ ಇರುವವರಿಗೆ ಇದು ಗಡಿಯಾರಕ್ಕಿಂತ ಮೊದಲೇ ಗೊತ್ತಾಗುತ್ತದೆ.

ಎರಡನೇ ಅಥವಾ ಮೂರನೇ ಹೆರಿಗೆಯಾದರೆ ಐದು ನಿಮಿಷಕ್ಕೆ ಕಾಯಬೇಡಿ. ಒಮ್ಮೆ ತೆರೆದ ದಾರಿ ಎರಡನೇ ಸಲ ಬೇಗ ತೆರೆಯುತ್ತದೆ. ಏಳೆಂಟು ನಿಮಿಷಕ್ಕೊಮ್ಮೆ ಸರಿಯಾಗಿ ಬರತೊಡಗಿತು ಅಂದರೆ ಹೊರಟುಬಿಡಿ. ನಾನು ತಪ್ಪಿದ್ದು ಇಲ್ಲೇ. ಚೊಚ್ಚಲ ಹೆರಿಗೆಯ ಲೆಕ್ಕ ಹಿಡಿದುಕೊಂಡು ಕೂತೆ. ಎಂಟು ನಿಮಿಷದಿಂದ ಮೂರು ನಿಮಿಷಕ್ಕೆ ಅರ್ಧ ಗಂಟೆಯಲ್ಲಿ ಬಂತು.

ಆಸ್ಪತ್ರೆ ದೂರ ಇದ್ದರೆ, ಮಳೆ ಅಥವಾ ವಾಹನದ ತೊಂದರೆ ಇದ್ದರೆ, ಹಿಂದಿನ ಹೆರಿಗೆ ಬಹಳ ಬೇಗ ಆಗಿದ್ದರೆ ಇನ್ನೂ ಮುಂಚೆ ಹೊರಡಿ. ಲೆಕ್ಕ ಕೂಡಿ ಬರದಿದ್ದರೂ ಮನಸ್ಸಿಗೆ ಏನೋ ಸರಿ ಇಲ್ಲ ಅನ್ನಿಸಿದರೆ ಅದೊಂದೇ ಸಾಕು. ಹೊರಡಿ.

ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ. ಎಷ್ಟು ವಾರ, ಎಷ್ಟನೇ ಹೆರಿಗೆ, ನೋವು ಯಾವಾಗ ಶುರುವಾಯಿತು, ಎಷ್ಟು ನಿಮಿಷಕ್ಕೊಮ್ಮೆ, ಎಷ್ಟು ಸೆಕೆಂಡ್, ನೀರು ಹೋಗಿದೆಯಾ, ರಕ್ತ ಇದೆಯಾ, ಮಗು ಆಡುತ್ತಿದೆಯಾ. ಇಷ್ಟು ಹೇಳಿದರೆ ಅವರಿಗೆ ಚಿತ್ರ ಸಿಗುತ್ತದೆ. ಆದಷ್ಟೂ ಫೋನಿನಲ್ಲಿ ನೀವೇ ಮಾತಾಡಿ. ನೋವಿನ ನಡುವೆ ನಿಮ್ಮ ಉಸಿರು ಕೇಳಿಯೇ ಅನುಭವಿ ನರ್ಸ್ ಎಷ್ಟೋ ಅಂದಾಜು ಮಾಡುತ್ತಾರೆ.

ನೀರು ಹೋದರೆ

ನೀರು ಒಡೆದ ಮೇಲೆಯೇ ನೋವು ಶುರುವಾಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ತಿಂಗಳು ತುಂಬಿದವರಲ್ಲಿ ಹಾಗಾಗುವುದು ನೂರಕ್ಕೆ ಎಂಟು ಹತ್ತು ಜನರಿಗೆ ಮಾತ್ರ. ಉಳಿದವರಿಗೆ ನೋವು ಮೊದಲು, ನೀರು ಆಮೇಲೆ. ಕೆಲವರಿಗೆ ತೀರಾ ಕೊನೆಯಲ್ಲಿ.

ಹೋಗುವ ರೀತಿಯೂ ಒಂದೇ ಅಲ್ಲ. ಒಮ್ಮೆಗೇ ಭಳಕ್ ಅಂತ ಸುರಿದು ಹಾಸಿಗೆ ನೆನೆಯಬಹುದು. ಅಥವಾ ಎದ್ದಾಗ, ಕೆಮ್ಮಿದಾಗ ಸ್ವಲ್ಪ ಸ್ವಲ್ಪ ಜಿನುಗಬಹುದು. ಈ ಜಿನುಗುವುದರಲ್ಲೇ ಅನುಮಾನ ಬರುವುದು. ಕೊನೆಯ ತಿಂಗಳಲ್ಲಿ ಮೂತ್ರವೂ ಅರಿವಿಲ್ಲದೆ ಹನಿಯುತ್ತದೆ ಅಲ್ವಾ? ಹೀಗೆ ನೋಡಿ: ಮೂತ್ರಕ್ಕೆ ಹೋಗಿ ಬಂದು, ಒಣಗಿಸಿಕೊಂಡು, ಹೊಸ ಬಿಳಿ ಪ್ಯಾಡ್ ಇಟ್ಟುಕೊಳ್ಳಿ. ಅರ್ಧ ಗಂಟೆ ಮಲಗಿ, ಆಮೇಲೆ ಎದ್ದು ನಿಲ್ಲಿ. ಎದ್ದಾಗ ಮತ್ತೆ ಹರಿದು ಪ್ಯಾಡ್ ನೆನೆದರೆ ಅದು ಗರ್ಭದ ನೀರೇ ಇರಬೇಕು. ಮೂತ್ರಕ್ಕೆ ಅದರದ್ದೇ ವಾಸನೆ, ಹಳದಿ ಬಣ್ಣ ಇರುತ್ತದೆ. ಗರ್ಭದ ನೀರು ತಿಳಿಯಾಗಿ, ಒಣ ಹುಲ್ಲಿನ ತಿಳಿ ಬಣ್ಣಕ್ಕೆ ಹತ್ತಿರವಾಗಿ ಇರುತ್ತದೆ, ವಾಸನೆ ಇದ್ದರೂ ಸ್ವಲ್ಪ ಸಿಹಿ. ತಡೆಯಲು ನೋಡಿದರೂ ನಿಲ್ಲುವುದಿಲ್ಲ. ಈ ಪರೀಕ್ಷೆಯಿಂದ ಗೊತ್ತಾಗದಿದ್ದರೆ ಹೋಗಿ ತೋರಿಸಿ.

ನೀರು ಹೋಗಿದೆ ಅಂತ ಖಾತ್ರಿಯಾದರೆ ನಾಲ್ಕು ವಿಷಯ ನೆನಪಿಟ್ಟುಕೊಳ್ಳಿ: ಹೊತ್ತು, ಬಣ್ಣ, ವಾಸನೆ, ಎಷ್ಟು ಹೋಯಿತು. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳು ಇವೇ. ನೆನೆದ ಪ್ಯಾಡನ್ನು ಒಂದು ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ, ನಾಚಿಕೆ ಬೇಡ. ನೋವು ಇಲ್ಲದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಿಂಗಳು ತುಂಬಿದ ಹೆಚ್ಚಿನವರಿಗೆ 24 ಗಂಟೆಯೊಳಗೆ ನೋವು ತಾನಾಗಿ ಬರುತ್ತದೆ. ಆದರೆ ಮಗುವಿಗೆ ಇದ್ದ ಕವಚ ಹೋಗಿರುತ್ತದೆ, ಹೊತ್ತು ಕಳೆದಷ್ಟೂ ಸೋಂಕಿನ ಭಯ ಹೆಚ್ಚು. ಪ್ಯಾಡ್ ಮಾತ್ರ ಬಳಸಿ, ಒಳಗೆ ಏನನ್ನೂ ಇಡಬೇಡಿ. ದೈಹಿಕ ಸಂಪರ್ಕ ಬೇಡ.

ನೀರು ಹಸಿರು ಅಥವಾ ಕಂದು ಬಣ್ಣ ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ. ಕೆಟ್ಟ ವಾಸನೆ ಇದ್ದರೆ ಸೋಂಕು ಇರಬಹುದು. ಇವೆರಡರಲ್ಲೂ ಸ್ನಾನ, ತಿಂಡಿ ಅಂತ ನಿಲ್ಲದೆ ನೇರವಾಗಿ ಹೊರಡಿ.

ಇನ್ನೊಂದು ಅಪರೂಪದ ಅಪಾಯ ಇದೆ. ನೀರಿನ ಜೊತೆ ಹೊಕ್ಕುಳ ಬಳ್ಳಿ ಕೆಳಗೆ ಜಾರಿ ಹೊರಗೆ ಕಾಣುವುದು ಅಥವಾ ಕೈಗೆ ಸಿಗುವುದು. ಮಗುವಿನ ತಲೆ ಇನ್ನೂ ಇಳಿಯದಿದ್ದರೆ, ಮಗು ಅಡ್ಡ ಇದ್ದರೆ ಇದರ ಸಾಧ್ಯತೆ ಜಾಸ್ತಿ. ಆಗ ಆಂಬ್ಯುಲೆನ್ಸ್ ಕರೆಸಿ. ಮೊಣಕಾಲೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಇರಿ. ವಾಹನದಲ್ಲಿ ಎಡ ಮಗ್ಗುಲಿಗೆ ಮಲಗಿ, ಸೊಂಟದ ಕೆಳಗೆ ದಿಂಬು ಇಟ್ಟು ಎತ್ತರಿಸಿ. ಬಳ್ಳಿಯನ್ನು ಒಳಗೆ ತಳ್ಳಬೇಡಿ, ಮುಟ್ಟುತ್ತಾ ಇರಬೇಡಿ. ಕೆಳಕ್ಕೆ ಒತ್ತಡ ಹಾಕಿ ಮುಕ್ಕಬೇಡಿ.

ಕಾಯಲೇಬಾರದ ಗುರುತುಗಳು

ಈ ಭಾಗವನ್ನು ಮನೆಯ ಇನ್ನೊಬ್ಬರಿಗೂ ಓದಿ ಹೇಳಿ. ಇವುಗಳಿಗೆ 5, 1, 1ರ ಲೆಕ್ಕ ಇಲ್ಲ.

- ಮುಟ್ಟಿನ ಹಾಗೆ ಅಥವಾ ಅದಕ್ಕಿಂತ ಜಾಸ್ತಿ ಕೆಂಪು ರಕ್ತ ಹೋಗುವುದು, ನೋವು ಇದ್ದರೂ ಇಲ್ಲದಿದ್ದರೂ.
- ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ನಡುವೆ ಬಿಡುವೇ ಇಲ್ಲದ ನೋವು. ಮಾಸು ಮುಂಚೆಯೇ ಕಳಚಿಕೊಂಡಿರಬಹುದು. ರಕ್ತ ಹೊರಗೆ ಕಾಣದೆಯೂ ಇರಬಹುದು.
- ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣ ಮುಂದೆ ಮಿಂಚು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಒಮ್ಮೆಗೇ ಊದಿಕೊಳ್ಳುವುದು. ಇವು ಬಿಪಿ ಏರಿರುವ ಗುರುತುಗಳು, ಫಿಟ್ಸ್ ಬರುವ ಮುಂಚೆ ಚಿಕಿತ್ಸೆ ಆಗಬೇಕು.
- ಜ್ವರ, ಚಳಿ ನಡುಕ.
- ಮಗುವಿನ ಆಟ ಕಡಿಮೆಯಾಗುವುದು.

ಕೊನೆಯದರ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ‘ಹೆರಿಗೆ ಹತ್ತಿರ ಬಂತಲ್ಲ, ಮಗು ಸುಮ್ಮನಾಗಿದೆ’ ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಅದು ತಪ್ಪು. ಜಾಗ ಕಡಿಮೆಯಾದ್ದರಿಂದ ಒದೆತ ಹೋಗಿ ಹೊರಳಾಟ ಜಾಸ್ತಿಯಾಗಬಹುದು. ಆದರೆ ಆಡುವುದು ಕಡಿಮೆಯಾಗಬಾರದು. ಹೆರಿಗೆ ನೋವಿನ ನಡುವೆಯೂ ಮಗು ಆಡುತ್ತದೆ. ಕೆಲಸದ ಗಡಿಬಿಡಿಯಲ್ಲಿ ಗಮನ ಕೊಟ್ಟಿಲ್ಲವೇನೋ ಅನ್ನಿಸಿದರೆ ಎಡ ಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ 10 ಸಲ ಆಡದಿದ್ದರೆ ಆಸ್ಪತ್ರೆಗೆ ಹೋಗಿ. ಎಂದಿನಂತೆ ಇಲ್ಲ ಅಂತ ಮೊದಲೇ ಸ್ಪಷ್ಟವಾಗಿ ಗೊತ್ತಾಗುತ್ತಿದ್ದರೆ ಎಣಿಸುತ್ತಾ ಕೂರುವುದೂ ಬೇಡ. ರಾತ್ರಿಯಾದರೆ ರಾತ್ರಿಯೇ ಹೋಗಿ.

ಮನೆಯಲ್ಲಿ ಕಾಯುವ ಹೊತ್ತು

ಅಪಾಯದ ಗುರುತು ಏನೂ ಇಲ್ಲ, ನೋವು ಇನ್ನೂ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇದೆ. ಇದು ಹೆರಿಗೆಯ ಮೊದಲ ಮಜಲು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವ ತನಕ ಈ ಮಜಲು. ಅದು ಇಷ್ಟೇ ಹೊತ್ತು ಅಂತ ಯಾರೂ ಹೇಳಲಾರರು. ಒಂದು ಇಡೀ ದಿನವನ್ನೂ ತೆಗೆದುಕೊಳ್ಳಬಹುದು. ಅಲ್ಲಿಂದ ಮುಂದೆ ಚೊಚ್ಚಲ ಹೆರಿಗೆಯಲ್ಲಿ ಬಾಯಿ ಪೂರ್ತಿ ತೆರೆಯಲು ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ.

ಹಾಗಾಗಿ ಮೊದಲ ಎರಡು ಗಂಟೆಯಲ್ಲೇ ಶಕ್ತಿ ಖರ್ಚು ಮಾಡಿಕೊಳ್ಳಬೇಡಿ. ಹಗುರಾದದ್ದು ಏನಾದರೂ ತಿನ್ನಿ, ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಸಿಸೇರಿಯನ್ ನಿಗದಿಯಾಗಿರುವವರು ತಿನ್ನುವ ಮುಂಚೆ ಆಸ್ಪತ್ರೆಯವರನ್ನು ಕೇಳಿ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ. ನೋವು ಬಂದಾಗ ಉಸಿರನ್ನು ಬಿಗಿ ಹಿಡಿಯಬೇಡಿ, ಮೂಗಿನಿಂದ ಎಳೆದು ಬಾಯಿಯಿಂದ ನಿಧಾನವಾಗಿ ಬಿಡಿ. ಮುಂದಕ್ಕೆ ಬಾಗಿ ಮೇಜನ್ನೋ ಕುರ್ಚಿಯ ಬೆನ್ನನ್ನೋ ಹಿಡಿದುಕೊಂಡರೆ ಸೊಂಟಕ್ಕೆ ಹಿತ. ಜೊತೆಯಲ್ಲಿ ಇರುವವರು ಅಂಗೈಯ ಬುಡದಿಂದ ಸೊಂಟದ ಕೆಳಭಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ. ನನಗೆ ಬೇರೆ ಯಾವುದಕ್ಕಿಂತ ಆ ಒತ್ತಡವೇ ಹೆಚ್ಚು ಸಮಾಧಾನ ಕೊಟ್ಟಿತು. ನೋವು ಬೇಗ ಬರಲಿ ಅಂತ ಯಾರೋ ಹೇಳಿದ ಔಷಧಿ, ಎಣ್ಣೆ ಕುಡಿಯಬೇಡಿ.

ಜೋರು ಮಲ ಬಂದ ಹಾಗೆ, ತಡೆಯಲಾರದೆ ಮುಕ್ಕಬೇಕು ಅನ್ನಿಸಿದರೆ ಶೌಚಾಲಯಕ್ಕೆ ಹೋಗಬೇಡಿ. ಅದು ಮಗುವಿನ ತಲೆಯ ಒತ್ತಡ ಇರಬಹುದು. ಆಂಬ್ಯುಲೆನ್ಸ್ ಕರೆಸಿ, ಫೋನ್ ಸ್ಪೀಕರಿಗೆ ಹಾಕಿ, ಅವರು ಹೇಳಿದ ಹಾಗೆ ಮಾಡಿ. ನೆಲದ ಮೇಲೆ ಶುಭ್ರ ಬಟ್ಟೆ ಹಾಸಿ ಮಗ್ಗುಲಿಗೆ ಮಲಗಿ. ಮಗು ಬಂದರೆ ಕೈಯಲ್ಲಿ ಆಸರೆ ಕೊಡಬೇಕು, ಎಳೆಯಬಾರದು. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಹೊದಿಸಿ. ಬಳ್ಳಿಯನ್ನು ಕತ್ತರಿಸುವುದೂ ಬೇಡ, ಎಳೆಯುವುದೂ ಬೇಡ.

ವಾಪಸ್ ಕಳಿಸಿದರೆ

ಒಳಪರೀಕ್ಷೆ ಮಾಡಿ, ‘ಇನ್ನೂ ಎರಡು ಸೆಂಟಿಮೀಟರ್, ಮನೆಗೆ ಹೋಗಿ ಬನ್ನಿ’ ಅಂತ ಹೇಳಬಹುದು. ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸುಮ್ನೆ ಎಲ್ಲರ ನಿದ್ದೆ ಕೆಡಿಸಿದೆ ಅನ್ನಿಸಿತ್ತು. ಆ ಮುಜುಗರವೇ ಎರಡನೇ ಸಲ ನನ್ನನ್ನು ಮನೆಯಲ್ಲಿ ಕೂರಿಸಿದ್ದು. ನೀವು ಹಾಗೆ ಮಾಡಬೇಡಿ. ಮಗುವಿನ ಎದೆಬಡಿತ ನೋಡಿದ್ದಾರೆ, ನಿಮ್ಮ ಬಿಪಿ ನೋಡಿದ್ದಾರೆ, ಹೋದದ್ದು ದಂಡವಾಗಲಿಲ್ಲ.

ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಬಾಯಿ ಎಷ್ಟು ತೆರೆದಿದೆ, ಏನಾದರೆ ಮತ್ತೆ ಬರಬೇಕು, ಏನೂ ಬದಲಾಗದಿದ್ದರೂ ಎಷ್ಟು ಗಂಟೆಯ ನಂತರ ತೋರಿಸಬೇಕು. ಉತ್ತರಗಳನ್ನು ನೋವಿನ ಸಮಯ ಬರೆದ ಅದೇ ಹಾಳೆಯ ಹಿಂದೆ ಬರೆದುಕೊಳ್ಳಿ. ಬ್ಯಾಗು ಬಿಚ್ಚಬೇಡಿ, ಬಾಗಿಲ ಹತ್ತಿರವೇ ಇರಲಿ. ಮನೆಗೆ ಬಂದು ಕೈಕಾಲು ತೊಳೆದು, ಎಡ ಮಗ್ಗುಲಿಗೆ ಮಲಗಿ ನಿದ್ದೆ ಮಾಡಿ. ಅದೇ ಸಂಜೆ ಮತ್ತೆ ಹೋಗಬೇಕಾಗಿ ಬಂದರೆ ಮತ್ತೆ ಹೋಗಿ.